ಕರೆಂಟು ಹೋದಾಗ ಕೇಳಿದ ಹಾಡು



ಅವರೆಕಾಯಿ ಕಾಲ ಬಂತೆಂದರೆ ನಮ್ಮ ದೊಡ್ಡಬಳ್ಳಾಪುರದ ಹೆಂಗಸರ ಬೆರಳಿಗೆ ಬಿಡುವೆಂಬುದಿಲ್ಲ. ರಾತ್ರಿ ಕಾಳು ನೆನೆಹಾಕಬೇಕು, ಬೆಳಗ್ಗೆ ಒಂದೊಂದನ್ನೇ ಹಿದುಕಿ ಸಿಪ್ಪೆ ಬಿಡಿಸಬೇಕು. ಹಿದುಕಿದ ಬೇಳೆ ಸಾರು ಉಣ್ಣುವವರಿಗೆ ಹತ್ತು ನಿಮಿಷದ ಸುಖ, ಮಾಡುವವಳಿಗೆ ಎರಡು ಗಂಟೆಯ ಕೂತ ಕೆಲಸ. ನಿಮಗೂ ಗೊತ್ತಿರೋ ವಿಷಯವೇ ಬಿಡಿ.

ಬೆಂಗಳೂರಿನಲ್ಲಿ ಓದುತ್ತಿರುವ ನನ್ನ ಮಗಳು ಈ ಸಲ ಬಂದಾಗ ಮೊಬೈಲಿಗೆ ಒಂದು ಫಿಲಂ ಹಾಕಿಕೊಟ್ಟು, "ಅಮ್ಮಾ, ಇದೂ ಹತ್ತತ್ರ ಎರಡು ಗಂಟೆ, ನಿನ್ನ ಬೇಳೆಯೂ ಎರಡು ಗಂಟೆ. ಕೂತು ನೋಡು" ಅಂದಳು. ಏನೇ ಇದು ಅಂದರೆ, "ಜರ್ಮನಿಯ ಒಂದು ಚರ್ಚಿನಲ್ಲಿ ಜನರ ಎದುರೇ ಹಾಡಿದ್ದನ್ನ ಹಾಗೇ ಫಿಲಂ ತೆಗೆದಿದ್ದಾರೆ. ಬಾಖ್ ಅನ್ನೋರ ಬಿ ಮೈನರ್ ಮಾಸ್" ಅಂದಳು. ನಾನು ಹೂಂ ಅಂದು ಮರೆತೂಬಿಟ್ಟೆ. ನಮ್ಮ ಮನೆಯಲ್ಲಿ ಎರಡು ಪವರ್‌ಲೂಮ್ ಮಗ್ಗ. ಅವು ಓಡುತ್ತಿದ್ದರೆ ಪಕ್ಕದಲ್ಲಿ ಕೂತವರ ಮಾತೇ ಕೇಳಿಸುವುದಿಲ್ಲ, ಇನ್ನು ಜರ್ಮನಿಯ ಹಾಡು ಕೇಳಿಸುತ್ತದೆಯೇ?

ಮೊನ್ನೆ ಬೆಳಗ್ಗೆ ಹತ್ತಕ್ಕೆ ಕರೆಂಟು ಹೋಯಿತು. ನಮ್ಮ ಬೀದಿಯಲ್ಲಿ ಕರೆಂಟು ಹೋದರೆ ಕತ್ತಲಾಗುವುದಕ್ಕಿಂತ ಹೆಚ್ಚಾಗಿ ನಿಶ್ಶಬ್ದವಾಗುತ್ತದೆ. ಎಲ್ಲ ಮನೆಯ ಮಗ್ಗಗಳೂ ಒಟ್ಟಿಗೆ ನಿಂತು, ಗುಬ್ಬಿ ಕೂಗಿದ್ದೂ ಕೇಳುತ್ತದೆ. ನಾನು ಕಾಳಿನ ಬೋಗುಣಿ ಮುಂದಿಟ್ಟುಕೊಂಡೆ, ಪಕ್ಕದಲ್ಲಿ ಅತ್ತೆಯವರೂ ಕೂತರು. ಅವರಿಗೀಗ ಎಪ್ಪತ್ತೆಂಟು, ಕಣ್ಣು ಮಂಜು, ಬೆರಳು ಮಾತ್ರ ನನಗಿಂತ ಚುರುಕು. ಮೊಬೈಲನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಫಿಲಂ ಹಾಕಿದೆ.

ಮಾಸ್ ಅಂದರೆ ಕ್ರೈಸ್ತರ ಪೂಜೆ, ನಮ್ಮ ಕನ್ನಡ ಕ್ರೈಸ್ತರು ಬಲಿಪೂಜೆ ಅನ್ನುತ್ತಾರಲ್ಲ, ಅದೇ. ಆ ಪೂಜೆಯ ಲ್ಯಾಟಿನ್ ಮಾತುಗಳಿಗೆ ರಾಗ ಕಟ್ಟಿ, ವಾದ್ಯಗಳನ್ನು ಸೇರಿಸಿ ಹತ್ತಾರು ಜನ ಹಾಡುತ್ತಾರೆ. ಶುರುವಿನ ಮೂರು ಮಾತು ಮಾತ್ರ ಗ್ರೀಕ್ ಭಾಷೆಯವು, ದೇವರೇ ದಯೆ ತೋರು ಎಂಬ ಬೇಡಿಕೆ. ಕೊನೆಯದು ಶಾಂತಿ ಕೊಡು ಎಂಬ ಬೇಡಿಕೆ. ಭಾಷೆ ಬಾರದಿದ್ದರೆ ಹೇಗೆ ಅಂತ ಕೇಳಬೇಡಿ. ನಾವು ಸಂಸ್ಕೃತದ ಮಂತ್ರಕ್ಕೆಲ್ಲ ಅರ್ಥ ತಿಳಿದೇ ಕೈ ಮುಗಿಯುತ್ತೇವೆಯೇ?

ಊರು ಲೈಪ್ಜಿಗ್, ಚರ್ಚು ಸಂತ ತೋಮಸರದು, ಫಿಲಂ ತೆಗೆದ ದಿನ 28 ಜುಲೈ 2000. ಯೋಹಾನ್ ಸೆಬಾಸ್ಟಿಯನ್ ಬಾಖ್ ತೀರಿಕೊಂಡು ಅಂದಿಗೆ ಸರಿಯಾಗಿ 250 ವರ್ಷ. ಈ ಚರ್ಚಿನಲ್ಲೇ 1723ರಿಂದ ಸಾಯುವವರೆಗೂ ಆತ ಹುಡುಗರಿಗೆ ಹಾಡು ಕಲಿಸಿ ಹಾಡಿಸುತ್ತಿದ್ದ. ಅದೇ ಕೆಲಸದಲ್ಲಿ ಆಗ ಇದ್ದವರು ಗೇಯೋರ್ಗ್ ಕ್ರಿಸ್ಟೋಫ್ ಬಿಲ್ಲರ್. ಅವರೇ ಎದುರು ನಿಂತು ಕೈಸನ್ನೆಯಿಂದ ಹಾಡಿಸುತ್ತಾರೆ. ಆ ಹುಡುಗರ ಮೇಳ 1212ರಲ್ಲಿ ಶುರುವಾದದ್ದಂತೆ, ನೋಡಿ, ಎಂಟುನೂರು ವರ್ಷ ದಾಟಿತು!

ಮೊದಲ ಐದು ನಿಮಿಷ ನನಗೆ ಗದ್ದಲ ಅನ್ನಿಸಿತು. ನಿಜ ಹೇಳುತ್ತೇನೆ, ಸಂಕೋಚವೇಕೆ? ಒಬ್ಬರು ಒಂದು ಹಾಡಿದರೆ ಇನ್ನೊಬ್ಬರು ಇನ್ನೊಂದು. ಆಮೇಲೆ ಜಡೆ ಕೋಲಾಟ ನೆನಪಾಯಿತು. ಒಂದೊಂದು ಕೈಯಲ್ಲಿ ಒಂದೊಂದು ಹಗ್ಗ, ಒಬ್ಬರ ಹಿಂದೊಬ್ಬರು ಅದೇ ಹೆಜ್ಜೆ ಹಾಕುತ್ತಾ ಹೊರಟರೆ ಮೇಲೆ ಜಡೆ ತಾನಾಗಿ ಹೆಣೆಯುತ್ತಾ ಹೋಗುತ್ತದಲ್ಲ, ಇದೂ ಹಾಗೇ. ಒಂದು ದನಿ ಹಾಡಿದ ಸೊಲ್ಲನ್ನೇ ಎರಡನೆಯದು ಹಿಡಿಯುತ್ತದೆ, ಆಮೇಲೆ ಮೂರನೆಯದು. ಶುರುವಿನಲ್ಲಿ ಐದು ಎಳೆ, ಮುಂದೆ ಒಂದು ಕಡೆ ಆರು, ಇನ್ನೊಂದು ಕಡೆ ಎಂಟು. ಒಂದು ಎಳೆಯನ್ನು ಮಾತ್ರ ಕಿವಿಯಲ್ಲಿ ಹಿಡಿದು ಹಿಂಬಾಲಿಸಿ, ಜಡೆ ಕಾಣುತ್ತದೆ.

ಇದನ್ನು ಬಾಖ್ ಒಂದೇ ಸಲ ಕೂತು ಬರೆದದ್ದಲ್ಲ. ಏಸುವನ್ನು ಶಿಲುಬೆಗೇರಿಸಿದ ದುಃಖದ ಭಾಗವಿದೆಯಲ್ಲ, ಅದರ ರಾಗ 1714ರ ಒಂದು ಹಳೆಯ ಹಾಡಿನದು. ಇನ್ನೊಂದು ಭಾಗ 1724ರ ಕ್ರಿಸ್‌ಮಸ್‌ಗೆ ಮಾಡಿದ್ದು. ಮೊದಲೆರಡು ಭಾಗಗಳನ್ನು 1733ರಲ್ಲಿ ಡ್ರೆಸ್ಡನ್ನಿನ ಅರಸನಿಗೆ ಕಾಣಿಕೆ ಕೊಟ್ಟು, ಆಸ್ಥಾನದ ಪದವಿ ಕೊಡಿ ಅಂತ ಬೇಡಿದ್ದ. ಅದು ಸಿಕ್ಕಿದ್ದು 1736ರಲ್ಲಿ! ಕೊನೆಗೆ 1748-49ರಲ್ಲಿ, ಕಣ್ಣು ಮಂಜಾಗುತ್ತಿದ್ದ ಕಾಲದಲ್ಲಿ, ಹಳೆಯದನ್ನೆಲ್ಲ ಬಿಚ್ಚಿ, ಬೇಕಾದ ಕಡೆ ಹೊಸದು ಸೇರಿಸಿ ಒಂದು ಮಾಡಿದ. ಅಮ್ಮನ ಹಳೇ ರೇಷ್ಮೆ ಸೀರೆಯ ಜರಿ ಅಂಚು ಬಿಡಿಸಿ ಮಗಳ ಲಂಗಕ್ಕೆ ಕೂಡಿಸುತ್ತೇವಲ್ಲ, ಆ ಜಾಣತನವೇ. 1750ರಲ್ಲಿ ಎರಡು ಸಲ ಕಣ್ಣಿನ ಆಪರೇಷನ್ ಆಯಿತು, ಕಣ್ಣೂ ಬರಲಿಲ್ಲ, ಜೀವವೂ ಉಳಿಯಲಿಲ್ಲ. ಈ ಇಡೀ ಹಾಡನ್ನು ಒಮ್ಮೆಯಾದರೂ ಪೂರ್ತಿಯಾಗಿ ಆತ ಕೇಳಿದ ಅನ್ನುವುದಕ್ಕೆ ಯಾವ ದಾಖಲೆಯೂ ಇಲ್ಲ. ಇಡಿಯಾಗಿ ಹಾಡಿದ್ದರ ಮೊದಲ ದಾಖಲೆ 1859ರದು, ಅದೇ ಲೈಪ್ಜಿಗ್‌ನಲ್ಲಿ.

ಸಂಗೀತಗಾರನ ಕೆಲಸವನ್ನು ಬದುಕಿದ್ದಾಗಲೇ ಕೇಳಿಸಿಕೊಂಡ ಪುಣ್ಯವಂತರೂ ಇದ್ದಾರೆ, ನಮ್ಮವರೇ. ಮೈಸೂರಿನ ಜಯಚಾಮರಾಜ ಒಡೆಯರ್ ಅವರು 94 ಕೃತಿ ರಚಿಸಿದ್ದು ನಿಮಗೆ ಗೊತ್ತಿರಬಹುದು. ಪಾಶ್ಚಾತ್ಯ ಸಂಗೀತವೂ ಅವರಿಗೆ ಪ್ರಾಣ. ಲಂಡನ್ನಿನಲ್ಲಿ ಮುದಿತನ, ಕಾಯಿಲೆಗಳಲ್ಲಿ ದಿನ ನೂಕುತ್ತಿದ್ದ ರಷ್ಯಾದ ನಿಕೊಲಾಯ್ ಮೆಟ್ನರ್ ಎಂಬ ಸಂಗೀತಗಾರನ ಕೃತಿಗಳನ್ನು 1940ರ ದಶಕದ ಕೊನೆಯಲ್ಲಿ ತಮ್ಮ ಖರ್ಚಿನಲ್ಲಿ ರೆಕಾರ್ಡ್ ಮಾಡಿಸಿದರು. ಆತ 1951ರಲ್ಲಿ ತೀರಿಕೊಂಡ. ಅಷ್ಟರೊಳಗೆ ಕೆಲಸ ಆಗಿತ್ತು.

ಅರ್ಧ ಬೋಗುಣಿ ಮುಗಿದಿತ್ತು. ಪರದೆಯಲ್ಲಿ ಬರೀ ಹುಡುಗರು, ಗಂಡಸರೇ ಸಾಲಾಗಿ ನಿಂತಿದ್ದರು. ಮಧ್ಯೆ ಒಬ್ಬ ಹೆಣ್ಣುಮಗಳು ಹಾಡತೊಡಗಿದಾಗ ಅತ್ತೆ ತಲೆ ಎತ್ತಿ, "ಆ ಊರಲ್ಲಿ ಹಾಡೋ ಹೆಂಗಸ್ರು ಇವಳೊಬ್ಬಳೇ ಏನೇ?" ಅಂದರು.

ಆ ಪ್ರಶ್ನೆಯನ್ನು ರಾತ್ರಿ ಮಗಳಿಗೆ ಫೋನಿನಲ್ಲಿ ಕೇಳಿದೆ. ಅವಳು ಹೇಳಿದ್ದು, ಆಮೇಲೆ ಓದಿ ತಿಳಿದದ್ದು ಸೇರಿಸಿ ಹೇಳುತ್ತೇನೆ, ಕೇಳಿ.

ಬಾಖನ ಎರಡನೆಯ ಹೆಂಡತಿ ಅನ್ನಾ ಮಗ್ದಲೇನಾ. ಕ್ಯೋತನ್ ಎಂಬ ಊರಿನ ಅರಮನೆಯಲ್ಲಿ ಸಂಬಳ ಪಡೆಯುತ್ತಿದ್ದ ಗಾಯಕಿ. 1721ರಲ್ಲಿ ಮದುವೆಯಾದಾಗ ಆಕೆಗೆ 20, ಆತನಿಗೆ 36, ಮನೆಯಲ್ಲಿ ಮೊದಲ ಹೆಂಡತಿಯ ನಾಲ್ಕು ಮಕ್ಕಳು. 1723ರಲ್ಲಿ ಲೈಪ್ಜಿಗ್‌ಗೆ ಬಂದರು. ಅಲ್ಲಿಯ ಚರ್ಚುಗಳಲ್ಲಿ ಹೆಂಗಸರು ಹಾಡುವಂತಿರಲಿಲ್ಲ, ಹೆಣ್ಣು ದನಿಯ ಭಾಗವನ್ನು ಹುಡುಗರೇ ಹಾಡಬೇಕು. ಗಂಡ ವಾರವಾರ ಹೊಸ ಹಾಡು ಬರೆಯುತ್ತಾನೆ, ಹೆಂಡತಿಗೆ ಆ ಅಟ್ಟ ಹತ್ತುವ ಹಾಗಿಲ್ಲ. ಆಕೆ ಮನೆಯಲ್ಲಿ ಕೂತು ಸ್ವರಗಳನ್ನು ನಕಲು ಮಾಡಿಕೊಟ್ಟಳು. ಆಕೆಯ ಬರಹ ಗಂಡನ ಬರಹವನ್ನು ಎಷ್ಟು ಹೋಲುತ್ತಿತ್ತೆಂದರೆ, ಆಕೆ ಬರೆದ ಹಾಳೆಗಳನ್ನು ಎಷ್ಟೋ ಕಾಲ ಆತನದೇ ಅಂದುಕೊಂಡಿದ್ದರು.

1733ರಲ್ಲಿ ಅರಸನಿಗೆ ಕಳಿಸಿದ ಪ್ರತಿಗಳಿವೆಯಲ್ಲ, ಅವನ್ನು ನಕಲು ಮಾಡಿದ ಕೈಗಳಲ್ಲಿ ಆಕೆಯದೂ ಒಂದು. ಆ ವರ್ಷ ಏಪ್ರಿಲ್‌ನಲ್ಲಿ ಆಕೆಯ ನಾಲ್ಕು ವರ್ಷದ ಮಗಳು ತೀರಿಹೋಗಿದ್ದಳು. ಕಾಣಿಕೆ ಒಪ್ಪಿಸಿದ್ದು ಜುಲೈನಲ್ಲಿ. ಆಗ ಆಕೆ ಮತ್ತೆ ಬಸುರಿ. ನವೆಂಬರಿನಲ್ಲಿ ಹುಟ್ಟಿದ ಗಂಡುಮಗು ಒಂದು ದಿನ ಮಾತ್ರ ಬದುಕಿತು. ಒಟ್ಟು 13 ಹೆತ್ತಳು, ಏಳನ್ನು ಎಳೆಯದರಲ್ಲೇ ಕಳೆದುಕೊಂಡಳು. ದಯೆ ತೋರು ಎಂಬ ಆ ಸ್ವರಗಳನ್ನು ಬರೆಯುತ್ತಿದ್ದಾಗ ಆ ತಾಯಿಯ ಮನಸ್ಸು ಹೇಗಿತ್ತೋ! ಗಂಡ ಸತ್ತ ಮೇಲೆ ಹತ್ತು ವರ್ಷ ಬದುಕಿ, 1760ರಲ್ಲಿ ಊರಿನ ಧರ್ಮದ ಹಣದಲ್ಲಿ ಜೀವನ ಮಾಡುವವಳಾಗಿ ತೀರಿಕೊಂಡಳು. ಬಾಖನ ಸಮಾಧಿ ಈಗ ಆ ಚರ್ಚಿನೊಳಗೇ ಇದೆ, 1950ರಲ್ಲಿ ತಂದಿಟ್ಟರು. ಆಕೆಯದು ಎಲ್ಲಿತ್ತೋ, ಗುರುತೇ ಉಳಿದಿಲ್ಲ.

ಇಷ್ಟನ್ನೂ ಮಾರನೇ ದಿನ ಅತ್ತೆಗೆ ಹೇಳಿದೆ. ಅವರು ಸುಮ್ಮನೆ ಕೇಳಿ, "ನಾನೂ ಹಾಡ್ತಿದ್ದೆ ಕಣೇ" ಅಂದರು. ನಾನು ಈ ಮನೆಗೆ ಬಂದು ಇಪ್ಪತ್ತಮೂರು ವರ್ಷ. ಅವರು ಸಾರಿಗೆ ಎಷ್ಟು ಹುಳಿ ಹಾಕುತ್ತಾರೆ ಗೊತ್ತು, ಯಾವ ಮಾತಿಗೆ ಸಿಟ್ಟಾಗುತ್ತಾರೆ ಗೊತ್ತು. ಹಾಡುತ್ತಿದ್ದರು ಅನ್ನುವುದು ಗೊತ್ತಿರಲಿಲ್ಲ! ತವರಿನಲ್ಲಿ ಬೀಸೋ ಪದ, ಸೋಬಾನೆ ಪದ ಎಲ್ಲ ಬರುತ್ತಿತ್ತಂತೆ. ಮದುವೆ ಮನೆಗಳಿಗೆ ಕರೆಸಿ ಹಾಡಿಸುತ್ತಿದ್ದರಂತೆ. "ಮತ್ತೆ ಯಾಕೆ ಬಿಟ್ರಿ?" ಅಂದೆ. "ಈ ಮಗ್ಗದ ಮನೇಲಿ ಯಾರಿಗೆ ಕೇಳಿಸ್ತದೆ? ಬಿಟ್ಟೆ" ಅಂದರು, ಅಷ್ಟೇ.

ಎರಡು ದಿನ ಬಿಟ್ಟು ಮತ್ತೆ ಕರೆಂಟು ಹೋಯಿತು. ನಾನು ಮೊಬೈಲನ್ನು ಅದೇ ಸಕ್ಕರೆ ಡಬ್ಬಿಗೆ ಒರಗಿಸಿ, ಈ ಸಲ ಅತ್ತೆಯ ಕಡೆಗೆ ತಿರುಗಿಸಿದೆ. ಬೇಡ ಬೇಡ ಅಂದವರು, ಬೇಳೆ ಹಿದುಕುತ್ತಲೇ ಶುರು ಮಾಡಿದರು. ದನಿ ನಡುಗಿತು, ಎರಡು ನುಡಿ ಸಲೀಸಾಗಿ ಬಂತು, ಮೂರನೆಯದು ಮರೆತುಹೋಗಿತ್ತು. ನೆನಪು ಮಾಡಿಕೊಳ್ಳುತ್ತಿದ್ದ ಹಾಗೆಯೇ ಕರೆಂಟು ಬಂತು. ನಮ್ಮವರಿಗೆ ಶನಿವಾರದೊಳಗೆ ಸೀರೆ ಕೊಡಬೇಕಿತ್ತು, ಮಗ್ಗ ಹಾಕಿದರು. ಅವರದೇನೂ ತಪ್ಪಿಲ್ಲ. ಆ ಫಿಲಂನ ಕೊನೆಯಲ್ಲಿ ಅತ್ತೆಯ ತುಟಿ ಆಡುವುದು ಕಾಣುತ್ತದೆ, ಕೇಳುವುದು ಮಗ್ಗ ಮಾತ್ರ. ಬರುವ ವಾರದ ರಜೆಗೆ ಮಗ್ಗ ನಿಲ್ಲಿಸಿ ಮತ್ತೆ ಕೂರಿಸಿಕೊಳ್ಳುತ್ತೇನೆ. ಅವರ ತಂಗಿ ದೇವನಹಳ್ಳಿ ಕಡೆ ಇದ್ದಾರೆ, ಮೂರನೆಯ ನುಡಿ ಅವರಿಗೆ ಬರಬಹುದಂತೆ.

ನಿಮ್ಮ ಮನೆಯ ಹುಡುಗರಿಗೆ ಬಾಖ್‌ನ ಬಿ ಮೈನರ್ ಮಾಸ್ ಅಂತ ಹೇಳಿದರೆ ಹುಡುಕಿಕೊಟ್ಟಾರು, ಬೇರೆ ಬೇರೆಯವರು ಹಾಡಿದ ಫಿಲಂಗಳೂ ಇವೆ. ಎರಡು ಗಂಟೆ ಒಟ್ಟಿಗೆ ಕೂರಬೇಕಿಲ್ಲ. ಶಿಲುಬೆಯ ಭಾಗ, ಅದರ ಹಿಂದೆಯೇ ಬರುವ ಮರುಹುಟ್ಟಿನ ಭಾಗ, ಇವೆರಡನ್ನು ಮೊದಲು ಕೇಳಿ. ಮೊದಲನೆಯದರಲ್ಲಿ ಕೆಳಗಿನ ವಾದ್ಯಗಳು ಒಂದೇ ಸೊಲ್ಲನ್ನು 13 ಸಲ ನುಡಿಸುತ್ತವೆ, ಎಣಿಸಿ ನೋಡಿ. ಕೊನೆಗೆ ದನಿಗಳು ಇಳಿದು ಇಳಿದು ನಿಂತೇ ಹೋಗುತ್ತವೆ. ಮರುಕ್ಷಣವೇ ಕಹಳೆ, ನಗಾರಿಗಳ ಜೊತೆ ಎಲ್ಲರೂ ಎದ್ದು ಹಾಡುತ್ತಾರೆ. ನನ್ನ ಕೈಯಲ್ಲಿದ್ದ ಕಾಳು ಚಿಮ್ಮಿ ಒಲೆಯ ಹತ್ತಿರ ಬಿತ್ತು!

ಅದು ಮುಗಿದ ಮೇಲೆ, ಮನೆಯಲ್ಲಿ ಹಿರಿಯ ಹೆಂಗಸರಿದ್ದರೆ, "ನಿಮಗೆ ಹಾಡು ಬರ್ತಿತ್ತಾ?" ಅಂತ ಒಂದು ಮಾತು ಕೇಳಿ. ನಾನು ಕೇಳಲು ಇಪ್ಪತ್ತಮೂರು ವರ್ಷ ತಡ ಮಾಡಿದೆ. ನೀವು ಮಾಡಬೇಡಿ.

ಹಿದುಕಿದ ಬೇಳೆ ಸಾರು ಆ ದಿನ ಸ್ವಲ್ಪ ಉಪ್ಪಾಯಿತು. ಯಾರೂ ಏನೂ ಅನ್ನಲಿಲ್ಲ.