ಚಕ್ರಗಳ ಮೇಲಣ ಮನೆ

ಆಸ್ಟ್ರೇಲಿಯದಲ್ಲಿ ಉದ್ಯೋಗದಿಂದ ನಿವೃತ್ತರಾದ ಹಲವು ದಂಪತಿಗಳು ಕಾರಿನ ಹಿಂದೆ ಕ್ಯಾರವಾನೆಂಬ ಗಾಲಿಮನೆಯನ್ನು ಕಟ್ಟಿಕೊಂಡು ತಿಂಗಳುಗಟ್ಟಲೆ ಸಂಚರಿಸುತ್ತಾರೆ. ಜನರು ಅವರನ್ನು ‘ನರೆತ ಅಲೆಮಾರಿಗಳು’ ಎಂದು ಕರೆಯುವುದುಂಟು. ಸುಮಾರು 14,500 ಕಿಲೋಮೀಟರ್ ಉದ್ದದ ಒಂದನೆಯ ಹೆದ್ದಾರಿಯು ಆ ಖಂಡವನ್ನು ಬಳಸಿ ಸಾಗುತ್ತದೆ. ಜೂನ್ ತಿಂಗಳಲ್ಲಿ ದಕ್ಷಿಣಕ್ಕೆ ಚಳಿಗಾಲ ಬಂದೊಡನೆ ಅವರು ಬೆಚ್ಚನೆಯ ಉತ್ತರ ತೀರಕ್ಕೆ ತೆರಳಿ, ಕಡಲಿಗೆ ಗಾಳವಿಕ್ಕಿ, ಸಿಕ್ಕ ಮೀನಿನಿಂದ ಅಂದಿನ ಅಡುಗೆ ಮಾಡಿಕೊಳ್ಳುತ್ತಾರೆ.

ಇದು ಬರಿಯ ಸೋಮಾರಿತನವೆಂದು ಕೆಲವರು ಆಕ್ಷೇಪಿಸಬಹುದು. ಆದರೆ ಬಾಳೆಲ್ಲ ದುಡಿದವರಿಗೆ ವಿರಾಮದ ಹಕ್ಕುಂಟು. ಮೇಲಾಗಿ, ಕಿರಿದಾದ ಗಾಲಿಮನೆಯಲ್ಲಿ ಅನಗತ್ಯ ವಸ್ತುವಿಗೆ ಎಡೆಯಿಲ್ಲ. ಕುಡಿಯುವ ನೀರನ್ನೂ ಅಳೆದು ಬಳಸಬೇಕು. ಆ ಮಿತಿಯನ್ನು ಕಡಲಿನೊಡನೆಯೂ ಪಾಲಿಸಿದಾಗಲೇ ಈ ಸಂಚಾರಕ್ಕೆ ಶೋಭೆ. ಅನೇಕ ಜಾತಿಯ ಮೀನುಗಳಿಗೆ ಅಲ್ಲಿನ ರಾಜ್ಯಗಳು ಕನಿಷ್ಠ ಉದ್ದವನ್ನೂ ಹಿಡಿಯಬಹುದಾದ ಗರಿಷ್ಠ ಸಂಖ್ಯೆಯನ್ನೂ ಗೊತ್ತುಪಡಿಸಿವೆ. ಎಳೆಯ ಮೀನು ಬೆಳೆದು ಒಮ್ಮೆಯಾದರೂ ಮೊಟ್ಟೆಯಿಡಲೆಂಬುದು ಕನಿಷ್ಠ ಉದ್ದದ ನಿಯಮದ ಉದ್ದೇಶ.

ನಿರ್ಜನ ತೀರದಲ್ಲಿ ಈ ನಿಯಮವನ್ನು ಕಾಯುವವರು ವಿರಳ. ಅಲ್ಲಿಯೂ ಅಳತೆಗೆ ಬಾರದ ಮೀನನ್ನು ಮರಳಿ ನೀರಿಗೆ ಬಿಡುವವನ ಮನಸ್ಸಾಕ್ಷಿಯೇ ನಿಜವಾದ ಕಾವಲುಗಾರ. ಪ್ರವಾಸಿಯು ನಾಳೆ ಮುಂದಿನ ಊರಿಗೆ ಹೊರಡುತ್ತಾನೆ. ಅವನು ಉಳಿಸಿದ ಮೀನು ತೀರದ ಜನರಿಗೂ ನಾಳಿನ ಪ್ರವಾಸಿಗೂ ಸೇರಿದ ಸಂಪತ್ತು.