ತಿಪ್ಪೆಯೂ ಒಂದು ಪ್ರಯೋಗಶಾಲೆ

ಪ್ರಯೋಗಶಾಲೆಯೆಂದರೆ ಗಾಜಿನ ಪಾತ್ರೆಗಳ ಕೊಠಡಿ, ಶೈಕ್ಷಣಿಕ ಪ್ರವಾಸವೆಂದರೆ ದೂರದ ಊರಿಗೆ ಹೋಗಿ ಅಲ್ಲಿನವರು ತೋರಿಸಿದುದನ್ನು ನೋಡಿ ಮರಳುವುದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ನಗರದ ದೊಡ್ಡ ಕಾಂಪೋಸ್ಟ್ ಘಟಕವನ್ನು ನೋಡಿಬರುವುದು ತಪ್ಪಲ್ಲ. ಆದರೆ ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿಯಂಥ ಊರಿನ ವಿದ್ಯಾರ್ಥಿಗಳು ಮೊದಲು ಹೋಗಬೇಕಾದುದು ತಮ್ಮೂರಿನ ತಿಪ್ಪೆಯ ಬಳಿಗೆ. ಅದೂ ಬರಿಗೈಯಲ್ಲಲ್ಲ, ಉಷ್ಣಮಾಪಕವನ್ನು ಹಿಡಿದು. ಇದು ನಮ್ಮ ಖಚಿತ ಅಭಿಪ್ರಾಯ.

ಸಗಣಿ, ಕಸಕಡ್ಡಿ, ಶೇಂಗಾ ಸಿಪ್ಪೆಗಳನ್ನು ಒಟ್ಟಿದ ರಾಶಿಯಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ಉಸಿರಾಡುತ್ತ ಉಷ್ಣವನ್ನು ಹೊರಬಿಡುತ್ತವೆ. ತೇವವೂ ಗಾಳಿಯೂ ಸಾಕಷ್ಟಿದ್ದರೆ ಕೆಲವೇ ದಿನಗಳಲ್ಲಿ ರಾಶಿಯ ಒಡಲು 55ರಿಂದ 65 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯುತ್ತದೆ. ಅಷ್ಟು ಕಾವು ಹಲವು ದಿನ ನಿಂತರೆ ಕಳೆಯ ಬೀಜಗಳೂ ರೋಗಾಣುಗಳೂ ಬಹುಮಟ್ಟಿಗೆ ಸಾಯುತ್ತವೆ. ಬುಟ್ಟಿಯಷ್ಟು ಕಸವಾದರೋ ಹೀಗೆ ಕಾಯುವುದಿಲ್ಲ. ಏಕೆ? ಉಷ್ಣವು ಹುಟ್ಟುವುದು ರಾಶಿಯ ಒಡಲಲ್ಲೆಲ್ಲ; ಸೋರಿಹೋಗುವುದು ಮೇಲ್ಮೈಯಿಂದ. ಒಂದು ಮೀಟರ್ ಅಂಚಿನ ಘನಾಕಾರದ ರಾಶಿಗೆ ಪ್ರತಿ ಘನ ಮೀಟರಿಗೆ 6 ಚದರ ಮೀಟರ್ ಮೇಲ್ಮೈಯಿದ್ದರೆ, ಅರ್ಧ ಮೀಟರ್ ಅಂಚಿನದಕ್ಕೆ 12 ಚದರ ಮೀಟರ್ ಇರುತ್ತದೆ. ಚಿಕ್ಕ ರಾಶಿ ಬೇಗ ತಣಿಯುವುದರಲ್ಲಿ ಆಶ್ಚರ್ಯವೇನು?

ಇನ್ನು ನೀರಿನ ಮಾತು. ರಾಶಿಯ ಕಾವಿನಲ್ಲಿ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 570 ಕ್ಯಾಲೊರಿ ಉಷ್ಣ ವ್ಯಯವಾಗುತ್ತದೆ. ರಾಶಿ ತಣಿಯುವುದಲ್ಲದೆ ಒಣಗುತ್ತದೆ. ಒಣಗಿದಲ್ಲಿ ಜೀವಿಗಳ ಕೆಲಸ ನಿಲ್ಲುತ್ತದೆ. ಇಂದೂರಿನಲ್ಲಿ 1924ರಿಂದ 1931ರವರೆಗೆ ಕೆಲಸಮಾಡಿದ ಆಲ್ಬರ್ಟ್ ಹೋವರ್ಡರ ಕ್ರಮದಲ್ಲಿ ರಾಶಿಯನ್ನು ಆಗಾಗ ತಿರುವಿ ನೀರು ಚಿಮುಕಿಸಬೇಕು. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ಎನ್. ಆಚಾರ್ಯರು ರೂಪಿಸಿದ ಬೆಂಗಳೂರು ಕ್ರಮದಲ್ಲಿ ಗುಂಡಿಯನ್ನು ತುಂಬಿ, ಮೇಲೆ ಕೆಸರು ಮೆತ್ತಿ, ಆರೆಂಟು ತಿಂಗಳು ಬಿಟ್ಟುಬಿಡುತ್ತಾರೆ. ತಿರುವುವ ಶ್ರಮವಿಲ್ಲ, ನೀರಿನ ಉಳಿತಾಯವುಂಟು. ಆದರೆ ಕಾಲ ಹೆಚ್ಚು, ಗಾಳಿಯಿಲ್ಲದ ಗುಂಡಿಯಲ್ಲಿ ಮೀಥೇನ್ ಅನಿಲವೂ ಹುಟ್ಟುತ್ತದೆ. ಮಳೆ ಅಪರೂಪವಾದ ಚಳ್ಳಕೆರೆ ಸೀಮೆಗೆ ಯಾವುದು ಲೇಸು? ಈ ಪ್ರಶ್ನೆಗೆ ಉತ್ತರವನ್ನು ಪುಸ್ತಕದಿಂದ ನಕಲು ಮಾಡಲಾಗದು, ಅಳೆದೇ ತಿಳಿಯಬೇಕು.

ತಿಪ್ಪೆಯ ಹತ್ತಿರ ನಿಲ್ಲಲು ಓದಿದವರು ಸಂಕೋಚಪಡುವರೆಂದು ಕೆಲವರು ಆಕ್ಷೇಪಿಸಬಹುದು. ತಿಪ್ಪೇಸ್ವಾಮಿ, ತಿಪ್ಪಮ್ಮ ಎಂಬ ಹೆಸರುಗಳನ್ನು ಅಭಿಮಾನದಿಂದ ಇಟ್ಟುಕೊಳ್ಳುವ ಸೀಮೆಯಲ್ಲಿ ಈ ಸಂಕೋಚಕ್ಕೆ ಎಡೆಯಿಲ್ಲ. ನಮ್ಮ ಚಿಂತೆ ಬೇರೆ. ಈ ಶತಮಾನದಲ್ಲಿ ಇಲ್ಲಿನ ಅಮೃತಮಹಲ್ ಕಾವಲುಗಳ ಬಹುಭಾಗ ಭಾರತೀಯ ವಿಜ್ಞಾನ ಸಂಸ್ಥೆಯೇ ಮೊದಲಾದ ದೊಡ್ಡ ಸಂಸ್ಥೆಗಳಿಗೆ ಸೇರಿತು. ದನಗಳು ಮೇಯುತ್ತಿದ್ದ ಹುಲ್ಲುಗಾವಲು ಕುಗ್ಗಿತು. ಹುಲ್ಲು ಕಡಿಮೆಯಾದಲ್ಲಿ ದನವೂ ಕಡಿಮೆ, ದನ ಕಡಿಮೆಯಾದಲ್ಲಿ ಸಗಣಿಯೂ ಕಡಿಮೆ. ಇರುವ ಗೊಬ್ಬರವನ್ನು ಬಿಸಿಲಿಗೆ ಒಣಗಿಸಿ ಕಳೆಯುವ ಅನುಕೂಲ ಈ ನೆಲಕ್ಕೆ ಉಳಿದಿಲ್ಲ. ಇಂಥ ಊರಿನಲ್ಲಿ ಬೆಳೆಯುವ ಹುಡುಗ ಹುಡುಗಿಯರು ವಿಜ್ಞಾನವೆಂದರೆ ಆಚೆಯ ಎತ್ತರದ ಗೋಡೆಯೊಳಗಿನ ವಸ್ತುವೆಂದು ತಿಳಿದರೆ ಅದು ದೊಡ್ಡ ನಷ್ಟ.

ಆದುದರಿಂದ ಪ್ರವಾಸವು ಒಂದು ದಿನದ್ದಾಗದೆ ಒಂದು ತಿಂಗಳಿನದಾಗಲಿ. ಯಜಮಾನರ ಅಪ್ಪಣೆ ಪಡೆದು ಎರಡು ಸಮಾನ ರಾಶಿಗಳನ್ನು ಒಟ್ಟಿ, ಒಂದನ್ನು ಬಯಲಿಗೆ ಬಿಟ್ಟು ಇನ್ನೊಂದಕ್ಕೆ ಕೆಸರು ಮೆತ್ತಿರಿ. ಸಲಾಕೆಯಿಂದ ತೂತು ಮಾಡಿ, ಪಾದರಸದ್ದಲ್ಲದ ಉಷ್ಣಮಾಪಕವನ್ನು ಇಳಿಬಿಟ್ಟು, ಪ್ರತಿದಿನ ಒಂದೇ ಹೊತ್ತಿಗೆ ಉಷ್ಣತೆಯನ್ನು ಬರೆದಿಡಿ, ನಕ್ಷೆ ಎಳೆಯಿರಿ. ಬಳಿಕ ಆ ನಕ್ಷೆಯನ್ನು ರಾಶಿಯ ಒಡೆಯರಾದ ರೈತರಿಗೆ ತೋರಿಸಿ ಅವರ ಮಾತನ್ನು ಕೇಳಿರಿ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ಸುಳ್ಳುಮಾಡುವ ಸುಲಭ ಮಾರ್ಗವಿದು.