ಅಜ್ಜಿಯ ಹಾಡಿನಲ್ಲಿ ಪೌಂಡಿನ ಗುರುತು

ಮಕ್ಕಳೇ, ಅಜ್ಜ-ಅಜ್ಜಿಯರೇ, ಈ ವಾರ ನಿಮ್ಮನ್ನು ರಾಯಚೂರು ಜಿಲ್ಲೆಯ ಮಲ್ಲಟಕ್ಕೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ನನ್ನ ಹಳೆಯ ಗೆಳೆಯರೊಬ್ಬರ ಮನೆ ಇದೆ. ನಿವೃತ್ತ ಮೇಷ್ಟ್ರು. ಅವರ ಮೊಮ್ಮಗಳು ಎಂಟನೇ ತರಗತಿ. ಮಾವ ಬಳಸಿ ಬಿಟ್ಟ ಹಳೆಯ ಲ್ಯಾಪ್‌ಟಾಪ್‌ಗೆ ತಾನೇ ಉಬುಂಟು ಹಾಕಿಕೊಂಡಿದ್ದಾಳೆ.

ನಾನು ಹೋದ ದಿನ ಚಹಾ ಇನ್ನೂ ಬಂದಿರಲಿಲ್ಲ, ಹುಡುಗಿ ಪೆನ್‌ಡ್ರೈವ್ ಹಿಡಿದು ಬಂದಳು. “ತಾತಾ, ಇದ್ರಾಗ ವೈರಸ್ ಹೊಕ್ಕದ. ಎಲ್ಲಾ ಅಳಿಸಿಬಿಡ್ಲೇನು?”

ಪರದೆ ನೋಡಿದೆ. ಇಂಗ್ಲಿಷಿನ ದೊಡ್ಡ ಪಿ, ಪೌಂಡಿನ ಗುರುತು, ತಲೆಯ ಮೇಲೆ ಗೀಟು ಚುಕ್ಕಿ ಹೊತ್ತ ಎ ಅಕ್ಷರಗಳ ಸಾಲು. ಮೇಷ್ಟ್ರ ಮುಖ ಬಿಳಿಚಿತ್ತು. ತೀರಿಕೊಂಡ ಅವರ ಹೆಂಡತಿ ಹಾಡುತ್ತಿದ್ದ ಬೀಸುವ ಪದಗಳು ಅವು. ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು, ಸುಮಾರು ಇಪ್ಪತ್ತು ವರ್ಷದ ಹಿಂದೆ ಪೇಟೆಯ ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ್ದರು. ನೋಟ್‌ಬುಕ್ಕನ್ನು ಗೆದ್ದಲು ತಿಂದಿದೆ. ಉಳಿದದ್ದು ಈ ಪೆನ್‌ಡ್ರೈವ್ ಒಂದೇ.

“ಅಳಿಸಬ್ಯಾಡವ್ವ, ಇದು ವೈರಸ್ ಅಲ್ಲ. ವೇಷ ಕಳಚಿದ ಕನ್ನಡ” ಎಂದೆ.

ಆಗ ಕಂಪ್ಯೂಟರಿನಲ್ಲಿ ಅಕ್ಷರಗಳಿಗೆಲ್ಲ ಸೇರಿ ಸಿಗುತ್ತಿದ್ದದ್ದು 256 ಮನೆಗಳು. ಅವನ್ನೆಲ್ಲ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳು ಹಿಡಿದುಕೊಂಡಿದ್ದವು. ನುಡಿ, ಬರಹದಂಥ ತಂತ್ರಾಂಶಗಳನ್ನು ಮಾಡಿದವರು ಒಂದು ಜಾಣ ಉಪಾಯ ಹೂಡಿದರು: ಕಡತದೊಳಗೆ ಇರುವುದು ಪಿ, ಆದರೆ ಫಾಂಟ್ ಅದಕ್ಕೆ ‘ಕ’ದ ವೇಷ ತೊಡಿಸುತ್ತದೆ. ಪೌಂಡಿನ ಗುರುತಿಗೆ ‘ನ’ದ ವೇಷ. ದೊಡ್ಡಾಟದಲ್ಲಿ ನಮ್ಮೂರಿನವನೇ ಕಿರೀಟ ಇಟ್ಟು ರಾಜನಾಗುವುದಿಲ್ಲವೇ, ಹಾಗೆ. ವೇಷದ ಪೆಟ್ಟಿಗೆ, ಅಂದರೆ ಆ ಫಾಂಟ್, ಈ ಲ್ಯಾಪ್‌ಟಾಪ್‌ನಲ್ಲಿ ಇರಲಿಲ್ಲ. ಅಷ್ಟೇ ವಿಷಯ. ಆ ಉಪಾಯ ಇಲ್ಲದಿದ್ದರೆ ಅಂದು ಕಂಪ್ಯೂಟರಿನಲ್ಲಿ ಕನ್ನಡದ ಮದುವೆ ಕಾರ್ಡು ಮಾಡುವುದೂ ಕಷ್ಟವಾಗುತ್ತಿತ್ತು, ಆದ್ದರಿಂದ ಬೈಯುವುದು ಬೇಡ.

ಮೊದಲು ಮಾಡಿದ ಕೆಲಸ ನಕಲು. ಪೆನ್‌ಡ್ರೈವ್‌ನಿಂದ ಕಡತವನ್ನು ಲ್ಯಾಪ್‌ಟಾಪ್‌ನ ಹೋಮ್ ಫೋಲ್ಡರಿಗೆ ಹಾಕಿ, ಅದರ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನೊಳಗೆ ‘ಓದಲು ಮಾತ್ರ’ ಎಂದು ಮಾಡಿದೆವು. ಅವಸರದಲ್ಲಿ ಸೇವ್ ಒತ್ತಿದರೂ ಈಗ ಮೂಲ ಕೆಡುವುದಿಲ್ಲ. ಬರೀ ಪಠ್ಯದ ಕಡತವಾದರೆ ಇನ್ನೂ ಎಚ್ಚರ ಬೇಕು. ತೆರೆಯುವಾಗ ಎನ್‌ಕೋಡಿಂಗ್ ಎಂಬಲ್ಲಿ ‘ವಿಂಡೋಸ್ 1252’ ಆರಿಸಿ. ಪರದೆಯ ತುಂಬ ಪ್ರಶ್ನೆ ಚಿಹ್ನೆಗಳೇ ಕಂಡರೆ ಸೇವ್ ಮಾಡದೆ ಮುಚ್ಚಿಬಿಡಿ. ಆ ಪ್ರಶ್ನೆ ಚಿಹ್ನೆಗಳನ್ನೇ ಸೇವ್ ಮಾಡಿದಿರೋ, ಅಜ್ಜಿಯ ಹಾಡು ಹೋಯಿತು.

ಮೇಷ್ಟ್ರದು ವರ್ಡ್ ಕಡತ. ಲಿಬ್ರೆ ಆಫೀಸಿನಲ್ಲಿ ತೆರೆದು ಮೇಲಿನ ಫಾಂಟ್ ಪೆಟ್ಟಿಗೆ ನೋಡಿದೆವು: ‘ನುಡಿ 01 ಇ’ ಎಂದಿತ್ತು, ಹೆಸರು ಓರೆಯಾಗಿತ್ತು. ಓರೆ ಅಕ್ಷರ ಎಂದರೆ ಆ ಫಾಂಟ್ ಈ ಯಂತ್ರದಲ್ಲಿಲ್ಲ ಎಂದರ್ಥ. ನಿಮ್ಮಲ್ಲಿ ‘ಬಿಆರ್‌ಎಚ್’ ಎಂದು ಶುರುವಾದರೆ ಅದು ಬರಹದ ಫಾಂಟ್. ಫಾಂಟ್ ತಂದು ಹಾಕಿದರೆ ಓದಲೇನೋ ಬರುತ್ತದೆ, ಆದರೆ ನಾಳೆ ಇನ್ನೊಬ್ಬರ ಫೋನಿಗೆ ಕಳಿಸಿದರೆ ಮತ್ತೆ ಅದೇ ಕಥೆ. ಆದ್ದರಿಂದ ಯೂನಿಕೋಡ್‌ಗೆ ಬದಲಿಸುವುದೇ ಸರಿ. ಅದರಲ್ಲಿ ಕನ್ನಡಕ್ಕೆ ತನ್ನದೇ ಓಣಿ ಇದೆ, 3200ರಿಂದ 3327ರವರೆಗೆ 128 ಮನೆಗಳು. ‘ಮ’ದ ಮನೆ 3246, ‘ವ’ದ ಮನೆ 3253. ಇಂದಿನ ಯಾವ ಯಂತ್ರಕ್ಕೆ ಕೇಳಿದರೂ ಇದೇ ವಿಳಾಸ.

ಹೀಗೆ ಬದಲಿಸಲು ಅರವಿಂದ ವಿ.ಕೆ. ಅವರು ಬರೆದ ಪರಿವರ್ತಕವಿದೆ. ಉಚಿತ, ಜೊತೆಗೆ ಮುಕ್ತ ತಂತ್ರಾಂಶ. ಪಠ್ಯವನ್ನು ನಕಲಿಸಿ ಅಂಟಿಸಿ ಗುಂಡಿ ಒತ್ತಿದರೆ ಕನ್ನಡ ಹೊರಬರುತ್ತದೆ. ನಮ್ಮ ಹುಡುಗಿಗೆ ಅಷ್ಟಕ್ಕೇ ಸಮಾಧಾನವಿಲ್ಲ. “ನಾನಾ ಪೈಥಾನ್‌ನಾಗ ಬರೀತೀನಿ” ಎಂದು ಕೂತಳು.

ಒಂದು ಪಟ್ಟಿ ಮಾಡಿದಳು: ಪಿ ಮತ್ತು ತಲಕಟ್ಟಿನ ಗುರುತು ಸೇರಿದರೆ ಕ, ಹೀಗೆ. ಮೊದಲ ಸಲವೇ ಊರಿನ ಹೆಸರೇ ಕೆಟ್ಟಿತು. ‘ಮಲ್ಲಟ’ದ ಮೊದಲಿಗೆ ‘ವ’ ಬಂದು, ಅದರ ಬಾಲಕ್ಕೆ ಎರಡು ಚುಕ್ಕಿಯ ಎ ಅಂಟಿಕೊಂಡಿತ್ತು. ಕಾರಣ ಚೆಂದವಾಗಿದೆ. ನುಡಿಯಲ್ಲಿ ‘ಮ’ಕ್ಕೆ ಮೂರು ತುಂಡು: ‘ವ’ದ ಮೈ, ತಲಕಟ್ಟು, ಪಕ್ಕಕ್ಕೊಂದು ಕೊಂಬು. ಕಾಗದದ ಮೇಲೆ ‘ವ’ ಬರೆದು ಕೊಂಬು ಎಳೆದು ನೋಡಿ, ಗೊತ್ತಾಗುತ್ತದೆ. ಅವಳ ಪ್ರೋಗ್ರಾಂ ಮೊದಲ ಎರಡು ತುಂಡು ಕಂಡ ಕೂಡಲೇ ‘ವ’ ಎಂದುಬಿಟ್ಟಿತ್ತು. ಪಟ್ಟಿಯಲ್ಲಿ ಉದ್ದನೆಯವನ್ನು ಮೊದಲು, ಗಿಡ್ಡನೆಯವನ್ನು ಆಮೇಲೆ ಹುಡುಕುವಂತೆ ಜೋಡಿಸಿದಳು. ಮಲ್ಲಟ ಮಲ್ಲಟವಾಯಿತು.

ಎರಡನೆಯ ಪೆಟ್ಟು ‘ಕರ್ನಾಟಕ’ದಲ್ಲಿ. ಹಳೆಯ ಕಡತದಲ್ಲಿ ಕಣ್ಣಿಗೆ ಕಾಣುವ ಕ್ರಮವೇ ಇರುತ್ತದೆ: ಕ, ನಾ, ಆಮೇಲೆ ಅರ್ಕಾವತ್ತು. ಯೂನಿಕೋಡಿಗೆ ಬಾಯಿ ನುಡಿಯುವ ಕ್ರಮ ಬೇಕು: ಕ, ರ್, ನಾ. ಅರ್ಕಾವತ್ತು ಕಂಡಲ್ಲೆಲ್ಲ ಅದನ್ನು ಒಂದಕ್ಷರ ಹಿಂದಕ್ಕೆ ಒಯ್ಯಬೇಕು. ಇದಕ್ಕೆ ಇಡೀ ಮಧ್ಯಾಹ್ನ ಹಿಡಿಯಿತು, ಊಟ ಆರಿತು, ಅವಳ ಅಮ್ಮ ಎರಡು ಸಲ ಬೈದಳು. ಕೊನೆಗೆ ತನ್ನದನ್ನೂ ಆ ಪರಿವರ್ತಕದ್ದನ್ನೂ ಅಕ್ಕಪಕ್ಕ ಇಟ್ಟು ನೋಡಿದಳು. ಒತ್ತಕ್ಷರ ಬಂದ ಹತ್ತಾರು ಕಡೆ ಅವಳದು ಇನ್ನೂ ತಪ್ಪುತ್ತಿತ್ತು. ತಪ್ಪು ಸಿಕ್ಕಿತಲ್ಲ ಎಂದು ಅವಳಿಗೆ ಖುಷಿ!

ಸಂಜೆ ಹಾಡುಗಳನ್ನು ಮೇಷ್ಟ್ರ ಮುಂದೆ ಇಟ್ಟೆವು. ಯಂತ್ರ ಬದಲಿಸಿದ್ದನ್ನು ಮನುಷ್ಯರು ಒಮ್ಮೆ ಓದಲೇಬೇಕು, ಅದೂ ಆ ಮಾತನ್ನು ಕಿವಿಯಲ್ಲಿ ಕೇಳಿದವರು. ಅವರು ಓದಲಿಲ್ಲ, ಮೆಲ್ಲಗೆ ಗುನುಗಿದರು. ಎರಡನೇ ಹಾಡಿಗೆ ನಿಂತರು. “ಇಲ್ಲಿ ‘ಮೇಲೆ’ ಅಂತ ಅದ. ಆಕಿ ಎಂದೂ ‘ಮೇಲೆ’ ಅಂದಾಕಿ ಅಲ್ಲ, ‘ಮ್ಯಾಲ’ ಅಂತಿದ್ದಳು.”

ಇದು ಕಂಪ್ಯೂಟರಿನ ತಪ್ಪಲ್ಲ. ಟೈಪ್ ಮಾಡಿದ ಹುಡುಗ ಅಂದು ಪುಸ್ತಕದ ಕನ್ನಡಕ್ಕೆ ತಿದ್ದಿಬಿಟ್ಟಿದ್ದ. ಮುದ್ರಣದ ಸಡಗರದಲ್ಲಿ ಮೇಷ್ಟ್ರೂ ಗಮನಿಸಿರಲಿಲ್ಲ. ಮೊಮ್ಮಗಳು ‘ಮ್ಯಾಲ’ ಎಂದು ತಿದ್ದಿದಳು, ಮುಂದಿನ ಸಾಲಿನಲ್ಲಿ ‘ಒಳಗೆ’ ‘ಒಳಗ’ ಆಯಿತು. ತಿದ್ದಿದ ಪ್ರತಿ ಲ್ಯಾಪ್‌ಟಾಪ್‌ನಲ್ಲೊಂದು, ಪೆನ್‌ಡ್ರೈವ್‌ನಲ್ಲೊಂದು, ಮಾವನ ಮನೆಯ ಕಂಪ್ಯೂಟರಿಗೊಂದು ಹೋಗುತ್ತದೆ. ಹಳೆಯ ಕಡತವೂ ಹಾಗೇ ಇರುತ್ತದೆ.

ನಾನು ಹೊರಡುವ ಹೊತ್ತಿಗೆ ಮೂರು ಹಾಡು ಮುಗಿದಿದ್ದವು. ಇನ್ನು ಹನ್ನೊಂದು ಇವೆಯಂತೆ, ದಿನಕ್ಕೊಂದು ಎಂದು ಅಜ್ಜ-ಮೊಮ್ಮಗಳು ಲೆಕ್ಕ ಹಾಕುತ್ತಿದ್ದರು.